ವಾಸಿಯಾದ ಮೇಲಿನ ಊಟ

ಪ್ರತಿ ಸಂಕ್ರಾಂತಿಗೆ ಅಪ್ಪನ ಮನೆಯಿಂದ ಒಂದು ಗೋಣಿಚೀಲ ಬರುತ್ತಿತ್ತು. ಹತ್ತು ಕೆ.ಜಿ. ಅಚ್ಚು ಬೆಲ್ಲ, ಒಂದಷ್ಟು ಸೊಗಡವರೆ, ಜೊತೆಗೆ ಎರಡು ಜಲ್ಲೆ ಕಬ್ಬು. 2022ರ ಸಂಕ್ರಾಂತಿಯಲ್ಲಿ ಆ ಚೀಲ ಬಂದಾಗ ನಾನು ಅದರ ಬಾಯಿ ಬಿಚ್ಚದೆ ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ಎರಡು ದಿನ ಹಾಗೆಯೇ ಇತ್ತು. ನೇಯ್ಗೆಯ ಸಂದಿನಿಂದ ಹೊಸ ಬೆಲ್ಲದ ವಾಸನೆ ಮನೆಯೆಲ್ಲ ಹರಡಿತ್ತು. ಮೂರನೆಯ ದಿನ ಅಪ್ಪ ಫೋನ್ ಮಾಡಿ, "ಬೆಲ್ಲ ಹೇಗಿದೆ? ಈ ಸಲ ಪಾಕ ಹದವಾಗಿ ಬಂದಿತ್ತು" ಎಂದರು. "ತುಂಬಾ ಚೆನ್ನಾಗಿದೆ ಅಪ್ಪ" ಎಂದೆ. ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ನನಗೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೈಕೆಲಸ ಸಾಗಲಿಲ್ಲ.

ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ನಮ್ಮ ಕಡೆಯ ಹೊಲಗಳು ಗದ್ದೆಗಳಾದವು, ರಾಗಿ ಇದ್ದಲ್ಲಿ ಕಬ್ಬು ಬಂತು. ಅಪ್ಪನ ಎರಡು ಎಕರೆಯಲ್ಲಿ ನಾನು ಕಂಡಂತೆ ಕಬ್ಬನ್ನು ಬಿಟ್ಟು ಬೇರೆ ಬೆಳೆ ಕಡಿಮೆ. ಮೊದಲ ಕಟಾವು ಕಾರ್ಖಾನೆಗೆ ಹೋದರೂ ಒಂದು ಭಾಗ ದೊಡ್ಡಪ್ಪನ ಆಲೆಮನೆಗೆ ಹೋಗುತ್ತಿತ್ತು. ಗಾಣದಿಂದ ಇಳಿಯುವ ಕಬ್ಬಿನ ಹಾಲು, ಕೊಪ್ಪರಿಗೆಯ ಕೆಳಗೆ ಧಗಧಗ ಉರಿಯುವ ಒಣ ರಚ್ಚು, ಪಾಕ ಹದಕ್ಕೆ ಬಂದಾಗ ಏಳುವ ಹೊಂಬಣ್ಣದ ನೊರೆ. ಬಾಳೆಲೆಯ ತುಂಡಿನ ಮೇಲೆ ಹಾಕಿಕೊಟ್ಟ ಬಿಸಿ ಬೆಲ್ಲವನ್ನು ಊದಿ ಊದಿ ತಿಂದವಳು ನಾನು. ನನ್ನನ್ನು ಓದಿಸಿದ್ದು, ವಿಜ್ಞಾನ ಶಿಕ್ಷಕಿಯನ್ನಾಗಿ ಮಾಡಿದ್ದು ಆ ಬೆಲ್ಲವೇ. ಅಂಥದ್ದನ್ನು ತಟ್ಟೆಯಿಂದ ತೆಗೆಯಬೇಕಾದಾಗ ಕೇವಲ ನಾಲಿಗೆಯ ರುಚಿಯೊಂದನ್ನು ಬಿಟ್ಟ ಹಾಗೆ ಅನ್ನಿಸಲಿಲ್ಲ.

ಕಾಯಿಲೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಉಸಿರು ಉಳಿಸಲು ಸ್ಟೆರಾಯ್ಡ್ ಕೊಟ್ಟರು, ಜೊತೆಗೆ ಆಂಟಿಬಯಾಟಿಕ್. ಅಲ್ಲಿಯವರೆಗೆ ನನಗೆ ಗೊತ್ತೇ ಇಲ್ಲದ ಮಧುಮೇಹ ಆಗ ಹೊರಬಿತ್ತು. ಒಂದು ದಿನ ರಕ್ತದ ಸಕ್ಕರೆ 340 ದಾಟಿತ್ತು. ಮನೆಗೆ ಬಂದ ಎರಡು ವಾರದಲ್ಲಿ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಒಡೆದ ಹಾಲಿನಂಥ ಬಿಳಿ ಪದರ. ಅದನ್ನು ಕೆರೆದರೆ ಅಡಿಯಲ್ಲಿ ಕೆಂಪಗೆ, ಉರಿ. ಆಮೇಲೆ ನೀರು ನುಂಗಿದರೂ ಎದೆಯ ನಡುವೆ ಚಾಕು ಆಡಿಸಿದ ಹಾಗೆ ನೋವು. ಆಗ ಟಿ.ವಿ.ಯಲ್ಲಿ ಹಗಲೂ ರಾತ್ರಿ ಕಪ್ಪು ಶಿಲೀಂಧ್ರ, ಬಿಳಿ ಶಿಲೀಂಧ್ರ ಎಂಬ ಸುದ್ದಿ. ನನ್ನ ನಾಲಿಗೆ ನೋಡಿದ ಮನೆಯವರು ಮಾತಿಲ್ಲದೆ ಕುಳಿತುಬಿಟ್ಟರು. ಮೈಸೂರಿನಲ್ಲಿ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಗೋಡೆಗೆ ಮೊಸರು ಚೆಲ್ಲಿದ ಹಾಗೆ ಬಿಳಿ ಮಚ್ಚೆಗಳು ಕಂಡವು. ಇದು ಕ್ಯಾಂಡಿಡಾ, ಕಣ್ಣು ಕಳೆಯುವ ಆ ಕಪ್ಪು ಶಿಲೀಂಧ್ರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ವೈದ್ಯರು ಮೊದಲ ಮಾತಿನಲ್ಲೇ ಹೇಳಿದ್ದು ನಮಗೆ ಜೀವ ಬಂದಂತಾಯಿತು. 21 ದಿನ ಫ್ಲುಕೊನಜೋಲ್ ಮಾತ್ರೆ. ಐದನೆಯ ದಿನ ನೋವಿಲ್ಲದೆ ಗಂಜಿ ನುಂಗಿದೆ. ಜುಲೈ ಹೊತ್ತಿಗೆ ಬಾಯಿ, ಗಂಟಲು ಎರಡೂ ಸ್ವಚ್ಛ.

ಆ ವೈದ್ಯರು ಕೊನೆಯ ಭೇಟಿಯಲ್ಲಿ ಹೇಳಿದ್ದು ಬಹಳ ಸರಳವಾದ ಮಾತು. ಕ್ಯಾಂಡಿಡಾ ಆರೋಗ್ಯವಂತರಾದ ಅನೇಕರ ಬಾಯಿಯಲ್ಲಿ, ಕರುಳಿನಲ್ಲಿ ಸುಮ್ಮನೆ ಇರುವ ಯೀಸ್ಟ್. ಅದನ್ನು ಬೇರುಸಹಿತ ಓಡಿಸಲು ಹೋಗಬೇಡಿ, ಹದ್ದು ಮೀರಿ ಬೆಳೆಯಲು ಜಾಗ ಕೊಡಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಉಬ್ಬಸಕ್ಕೆ ತೆಗೆದುಕೊಳ್ಳುವ ಸ್ಟೆರಾಯ್ಡ್ ಇನ್‌ಹೇಲರ್ ಬಳಸಿದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿ. ಬೇಡದ ಆಂಟಿಬಯಾಟಿಕ್ ನುಂಗಬೇಡಿ. ಇಷ್ಟೇ.

ನಾನು ಇಷ್ಟಕ್ಕೆ ನಿಲ್ಲಿಸಲಿಲ್ಲ. ನನ್ನಂತೆ ವಾಸಿಯಾದವರು ಇದೇ ಜಾಗದಲ್ಲಿ ಎಡವುತ್ತಾರೆ, ಅದಕ್ಕಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಶಾಲೆ ಇನ್ನೂ ತೆರೆದಿರಲಿಲ್ಲ. ಕೈಯಲ್ಲಿ ಮೊಬೈಲ್, ಮನಸ್ಸಿನಲ್ಲಿ ಆ ಎದೆನೋವಿನ ಭಯ. ಕ್ಯಾಂಡಿಡಾ ಎಂದು ಹುಡುಕಿದರೆ ನೂರಾರು ಪಥ್ಯದ ಪಟ್ಟಿಗಳು. ಸಕ್ಕರೆ ಬೇಡ ಎಂಬುದು ಸರಿಯೇ. ಆದರೆ ಆ ಪಟ್ಟಿಗಳಲ್ಲಿ ಹಣ್ಣು ಬೇಡ, ಅನ್ನ ಬೇಡ, ರಾಗಿ ಬೇಡ, ಹಾಲು ಬೇಡ, ಕಡಲೆಕಾಯಿ ಬೇಡ, ಹುದುಗಿದ್ದು ಯಾವುದೂ ಬೇಡ, ಎಂದರೆ ಇಡ್ಲಿ, ದೋಸೆ ಬೇಡ, ಕೆಲವು ಪಟ್ಟಿಗಳಲ್ಲಿ ಮೊಸರೂ ಬೇಡ. ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗುಳಿ, ಎಂಜಲು ದಾರದ ಹಾಗೆ ಕೆಳಗಿಳಿದರೆ ಕ್ಯಾಂಡಿಡಾ ಇದೆ ಎಂದು ತಿಳಿಯಿರಿ ಎಂಬ ಪರೀಕ್ಷೆ ಬೇರೆ. ಎಂಜಲಿನಲ್ಲಿ ಲೋಳೆ ಇರುತ್ತದೆ, ಲೋಳೆ ನೀರಿನಲ್ಲಿ ಎಳೆಯೆಳೆಯಾಗಿ ಇಳಿಯುತ್ತದೆ, ಅದರಿಂದ ಯಾವ ರೋಗವೂ ಸಾಬೀತಾಗುವುದಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಮೂವತ್ತು ದಿನ ಆ ಲೋಟ ನೋಡಿ ದಿನದ ಊಟ ನಿರ್ಧರಿಸಿದೆ. ಭಯ ಬುದ್ಧಿಯನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದು ನನಗೆ ಆಗ ಅರ್ಥವಾಯಿತು.

ಏಳು ವಾರದಲ್ಲಿ 56 ಕೆ.ಜಿ. ಇದ್ದವಳು 49ಕ್ಕೆ ಇಳಿದೆ. ಬಾಚಣಿಗೆಯಲ್ಲಿ ಮುಷ್ಟಿ ಕೂದಲು. ಮಧುಮೇಹದ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದೆ. ಆಗಸ್ಟ್ ಕೊನೆಯ ಒಂದು ಸಂಜೆ, ಬಟ್ಟೆ ಮಡಿಸುತ್ತಿದ್ದಾಗ ಕೈ ನಡುಗಿತು, ಮೈ ಬೆವರಿತು, ಎದುರಿಗಿದ್ದ ಗೋಡೆ ದೂರ ಸರಿದ ಹಾಗಾಯಿತು. ಮನೆಯವರು ಗ್ಲುಕೋಮೀಟರ್ ತಂದು ನೋಡಿದರೆ 58. ಅವರು ಸಕ್ಕರೆ ನೀರು ಕಲಸಿ ತಂದರು. ನಾನು ತುಟಿ ಬಿಗಿಹಿಡಿದು ತಲೆ ಆಡಿಸಿದೆ. ಆ ಒಂದು ಲೋಟ ಸಕ್ಕರೆ ನೀರಿನಿಂದ ಬಿಳಿ ಪದರ ಮತ್ತೆ ಬಂದುಬಿಡುತ್ತದೆ ಎಂಬುದೊಂದೇ ಯೋಚನೆ. ಪ್ರಜ್ಞೆ ತಪ್ಪುವ ಅಂಚಿನಲ್ಲಿದ್ದವಳು ಜೀವ ಉಳಿಸುವ ಸಕ್ಕರೆಯನ್ನು ಬೇಡ ಎನ್ನುತ್ತಿದ್ದೆ. ಅವರು ಗದರಿಸಿ ಕುಡಿಸಿದರು. ಆ ಗದರಿಕೆಗೆ ನಾನು ಇಂದಿಗೂ ಋಣಿ.

ಮರುದಿನ ಹೋಗಿ ಕಂಡ ಆಹಾರ ತಜ್ಞೆ ನನ್ನ ಪಟ್ಟಿಯನ್ನು ಕೊನೆಯವರೆಗೆ ಓದಿದರು. "ಇಷ್ಟು ದಿನ ಉಪವಾಸ ಬಿದ್ದವರು ನೀವು. ಶಿಲೀಂಧ್ರಕ್ಕೆ ಏನೂ ಆಗಿಲ್ಲ" ಎಂದರು. ದೇಹಕ್ಕೆ ಕಾಳು, ಮೊಟ್ಟೆ, ಸೊಪ್ಪು ಸಿಗದಿದ್ದರೆ ರೋಗ ತಡೆಯುವ ಶಕ್ತಿಯೇ ಕುಂದುತ್ತದೆ, ಕ್ಯಾಂಡಿಡಾ ಕಾಯುವುದು ಅದನ್ನೇ ಎಂದು ಬಿಡಿಸಿ ಹೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು: "ಹತ್ತು ವರ್ಷ ತಿನ್ನಬಹುದಾದ ಊಟ ಯಾವುದು, ಹೇಳಿ?" ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಅಂದಿನಿಂದ ನನ್ನ ಅಡುಗೆಮನೆಯಲ್ಲಿ ಉತ್ತರ ಹುಡುಕುತ್ತಿದ್ದೇನೆ.

ಮೊದಲು ಮರಳಿ ಬಂದದ್ದು ಮೊಸರು, ಆಮೇಲೆ ಇಡ್ಲಿ. ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಪ್ರತಿ ವರ್ಷ ಒಂದು ಪ್ರಯೋಗ ತೋರಿಸುತ್ತೇನೆ. ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು, ಸಕ್ಕರೆ, ಒಂದು ಚಮಚ ಬೇಕರಿ ಯೀಸ್ಟ್, ಬಾಯಿಗೆ ಒಂದು ಬಲೂನು. ಅರ್ಧ ಗಂಟೆಯಲ್ಲಿ ಬಲೂನು ತಲೆಯೆತ್ತುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಪಥ್ಯದ ಪಟ್ಟಿ ಮಾಡುವವರು ಈ ಬಾಟಲಿಯನ್ನೇ ಹೊಟ್ಟೆ ಎಂದು ತಿಳಿದಿದ್ದಾರೆ. ತಿಂದದ್ದರ ಸಕ್ಕರೆಯ ಬಹುಪಾಲು ಸಣ್ಣಕರುಳಿನಲ್ಲೇ ರಕ್ತಕ್ಕೆ ಸೇರಿಹೋಗುತ್ತದೆ. ನನ್ನಂಥವಳಲ್ಲಿ ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ರಕ್ತದಲ್ಲಿ ಸಕ್ಕರೆ ಏರಿ ನಿಂತರೆ ಎಂಜಲಿನಲ್ಲೂ ಸಕ್ಕರೆ ಹೆಚ್ಚುತ್ತದೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಇನ್ನು ಇಡ್ಲಿಯ ಹಿಟ್ಟನ್ನು ಹುದುಗಿಸುವುದು ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು. ಜೊತೆಯಲ್ಲಿ ಒಂದಷ್ಟು ಯೀಸ್ಟ್ ಇದ್ದರೂ ಹತ್ತು ಹನ್ನೆರಡು ನಿಮಿಷದ ಹಬೆಯಲ್ಲಿ ಬದುಕುವುದಿಲ್ಲ. ಇಡ್ಲಿಯಲ್ಲಿ ನಾನು ಎಣಿಸಬೇಕಾದದ್ದು ಅಕ್ಕಿಯನ್ನು. ಹಾಗಾಗಿ ಈಗ ನಮ್ಮ ಮನೆಯ ಹಿಟ್ಟಿನಲ್ಲಿ ಎರಡು ಪಾಲು ಅಕ್ಕಿಗೆ ಒಂದೂವರೆ ಪಾಲು ಉದ್ದು, ನನಗೆ ಎರಡು ಇಡ್ಲಿ, ತಟ್ಟೆ ತುಂಬ ತರಕಾರಿ ಸಾಂಬಾರು. ಮೊಸರನ್ನು ಔಷಧವೆಂದು ಯಾರಿಗೂ ಹೇಳುವುದಿಲ್ಲ. ಮಧ್ಯಾಹ್ನದ ಊಟ ಮಜ್ಜಿಗೆಯಿಲ್ಲದೆ ಮುಗಿಯದ ಮನೆಯಲ್ಲಿ ಬೆಳೆದೆ, ಆ ಮಜ್ಜಿಗೆ ನನಗೆ ವಾಪಸ್ಸು ಸಿಕ್ಕಿತು.

ಪಾಠದ ವಿಷಯ ಬಂದಾಗ ಇನ್ನೊಂದು ಮಾತು ಹೇಳಬೇಕೆನ್ನಿಸುತ್ತದೆ. ಶಿಲೀಂಧ್ರ ಸೋಂಕಿಗೆ ಮನುಷ್ಯರಲ್ಲಿ ಸುರಕ್ಷಿತವಾಗಿ ಬಳಸಬಹುದಾದ ಮೊದಲ ಆಂಟಿಬಯಾಟಿಕ್ ನಿಸ್ಟಾಟಿನ್. ಅದನ್ನು 1950ರಲ್ಲಿ ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಹೆಣ್ಣುಮಕ್ಕಳು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನ ಮಾದರಿಗಳಿಂದ ಬೆಳೆಸಿದ ಸೂಕ್ಷ್ಮಜೀವಿಗಳನ್ನು ಒಬ್ಬರು ಜಾಡಿಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸಿದರೆ, ಇನ್ನೊಬ್ಬರು ಅದರ ಸಾರ ತೆಗೆದು ಅಂಚೆಯಲ್ಲೇ ಹಿಂದಿರುಗಿಸುತ್ತಿದ್ದರು. ವರ್ಜೀನಿಯಾದ ಒಂದು ಹೈನು ತೋಟದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಆ ಔಷಧವನ್ನು ಕೊಟ್ಟಿತು. ಬಂದ ಗೌರವಧನವನ್ನೆಲ್ಲ ಇಬ್ಬರೂ ಸಂಶೋಧನೆಗೇ ಬಿಟ್ಟುಕೊಟ್ಟರು. ನಾನು ನುಂಗಿದ ಮಾತ್ರೆ ಬೇರೆಯದು, ಆದರೂ ನಮ್ಮ ಶಾಲೆಯ ಹುಡುಗಿಯರಿಗೆ ಈ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ. ಅವರು ಹೊಲದ ಮಣ್ಣನ್ನು ಆ ದಿನ ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಊಟಕ್ಕೆ ಬರುತ್ತೇನೆ. ಕಾಫಿಗೆ ಎರಡು ಚಮಚ, ದಿನಕ್ಕೆ ನಾಲ್ಕು ಕಾಫಿ, ಎಂಟು ಚಮಚ ಸಕ್ಕರೆ. ಚಮಚಕ್ಕೆ 4 ಗ್ರಾಂ ಹಿಡಿದರೂ 32 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಹೀಗೆ ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಜೇನುತುಪ್ಪವೂ ಈ ಲೆಕ್ಕದಲ್ಲಿ ಬರುತ್ತದೆ. ಅಂದರೆ ಒಂದು ಚೂರೂ ಸಿಹಿ ತಿನ್ನದ ದಿನವೂ ಕಾಫಿಯೊಂದರಲ್ಲೇ ನಾನು ಆ ಗೆರೆ ದಾಟುತ್ತಿದ್ದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದು ನಾಲ್ಕನೆಯ ವಾರಕ್ಕೆ ನಿಲ್ಲಿಸಿದೆ. ಆಗ ಡಿಕಾಕ್ಷನ್ನಿನ ನಿಜವಾದ ಕಹಿ, ಅದರ ಹಿಂದೆ ಬರುವ ಹಾಲಿನ ಸಣ್ಣ ಸಿಹಿ ಎರಡೂ ನಾಲಿಗೆಗೆ ತಿಳಿದವು. ಈಗ ಯಾರಾದರೂ ಮರೆತು ಸಕ್ಕರೆ ಹಾಕಿ ಕೊಟ್ಟರೆ ಕುಡಿಯಲಾಗುವುದಿಲ್ಲ.

ಬೆಲ್ಲವಾದರೆ ತೊಂದರೆಯಿಲ್ಲ ಎಂದು ಹೇಳುವವರು ಬಹಳ ಮಂದಿ. ಬೆಲ್ಲದ ಊರಿನವಳಾದ ನಾನೇ ಹೇಳಬೇಕು: ಇದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜ, ಉಳಿದ ಬಹುಪಾಲು ಸಕ್ಕರೆಯೇ. ನನ್ನ ಗ್ಲುಕೋಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ರಾಗಿಯ ವಿಷಯದಲ್ಲೂ ಇಂಥದ್ದೇ ಒಂದು ಪಾಠ ಕಲಿತೆ. ರಾಗಿ ಎಂದರೆ ಸಕ್ಕರೆ ಕಾಯಿಲೆಗೆ ಅಮೃತ ಎಂದು ಬೆಳಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ ಕುಡಿದ ದಿನ ಎರಡು ಗಂಟೆಯ ನಂತರ 218 ತೋರಿಸಿತು. ಬೆಲ್ಲ ಬಿಟ್ಟು ಕುಡಿದರೂ 180ರ ಹತ್ತಿರ. ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿದ್ದು ಬೇಗ ಜೀರ್ಣವಾಗುತ್ತದೆ. ಅದೇ ರಾಗಿಯನ್ನು ಅರ್ಧ ಮುದ್ದೆಯಾಗಿ, ಮೊದಲು ಒಂದು ಬಟ್ಟಲು ಹುರುಳಿಕಾಯಿ ಪಲ್ಯ ತಿಂದು, ಆಮೇಲೆ ಬೆರಕೆ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದ ದಿನ 146. ಇದು ನನ್ನ ದೇಹದ ಲೆಕ್ಕ. ನಿಮ್ಮದು ಬೇರೆ ಇರಬಹುದು, ಆದ್ದರಿಂದ ಅಳೆದು ನೋಡಿ ಎಂದಷ್ಟೇ ಹೇಳುತ್ತೇನೆ.

ನನ್ನ ಅದೃಷ್ಟವೆಂದರೆ ನಮ್ಮ ಮಂಡ್ಯದ ಊಟದಲ್ಲಿ ನನಗೆ ಬೇಕಾದದ್ದೆಲ್ಲ ಇದೆ. ಉಪ್ಪುಸಾರು, ಬಸ್ಸಾರು, ಮಸ್ಸೊಪ್ಪು, ಮೊಳಕೆ ಹುರುಳಿಯ ಸಾರು, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಭಾನುವಾರ ನಾಟಿ ಕೋಳಿ. ಯಾವುದರಲ್ಲೂ ಸಿಹಿ ಇಲ್ಲ. ಅಣ್ಣೆಸೊಪ್ಪು, ಗಣಿಕೆಸೊಪ್ಪು, ಕಿರಕಸಾಲೆ, ಹೊನಗೊನ್ನೆ ಇವನ್ನೆಲ್ಲ ಅಮ್ಮ ಹೊಲದ ಬದುವಿನಿಂದ ಮಡಿಲಿಗೆ ಕಿತ್ತು ತರುತ್ತಿದ್ದಳು. ಈಗ ಶಾಲೆಯಿಂದ ಬರುವಾಗ ಬಸ್ ನಿಲ್ದಾಣದ ಬಳಿ ಮಂಕರಿಯಲ್ಲಿಟ್ಟು ಮಾರುವ ಅಜ್ಜಿಯ ಹತ್ತಿರ ಕೊಳ್ಳುತ್ತೇನೆ. ಬಿಡಿಸುವುದಕ್ಕೆ ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆ ಸಿಗದ ದಿನ ನನ್ನ ಊಟ ಹಾದಿ ತಪ್ಪುತ್ತದೆ. ಹೀಗಾಗಿ ಭಾನುವಾರ ಮತ್ತು ಬುಧವಾರ ರಾತ್ರಿ ನಾವಿಬ್ಬರೂ ಕುಳಿತು ಸೊಪ್ಪು ಬಿಡಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತೇವೆ. ಕಾಳು ನೆನೆಹಾಕುವುದು ಮನೆಯವರ ಪಾಲಿನ ಕೆಲಸ. ವಾಸಿಯಾದ ಮೇಲೆ ಪಥ್ಯ ಉಳಿಯುವುದು ಮನೋಬಲದಿಂದ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಸಿದು ಬಂದ ಸಂಜೆ ಐದೂವರೆಗೆ ಯಾರಲ್ಲೂ ಮನೋಬಲ ಇರುವುದಿಲ್ಲ. ನೆನೆದ ಕಾಳು, ಬಿಡಿಸಿದ ಸೊಪ್ಪು ಇದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

ಒಮ್ಮೆ ಕ್ಯಾಂಡಿಡಾ ಮರಳಿ ಬಂತು. 2023ರ ಫೆಬ್ರವರಿ. ಜನವರಿಯ ಚಳಿಗೆ ಉಬ್ಬಸ ಹೆಚ್ಚಿತ್ತು, ರಾತ್ರಿ ಎದ್ದು ಹೋಗಲು ಸೋಮಾರಿತನವಾಗಿ ಇನ್‌ಹೇಲರನ್ನು ಹಾಸಿಗೆಯ ಪಕ್ಕಕ್ಕೆ ತಂದಿಟ್ಟುಕೊಂಡಿದ್ದೆ. ಎಳೆದುಕೊಂಡು, ಬಾಯಿ ಮುಕ್ಕಳಿಸದೆ ಮಲಗುತ್ತಿದ್ದೆ. ಅದೇ ತಿಂಗಳಲ್ಲಿ ತಮ್ಮನ ಕಡೆ ಎರಡು ಮದುವೆ, ಒಂದು ಗೃಹಪ್ರವೇಶ, ಮೂರೂ ಕಡೆ ನಾಲ್ಕು ಬಗೆಯ ಸಿಹಿ. ಒಂದು ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ಅಂಗುಳಿನ ಮೇಲೆ ಮೂರು ಬಿಳಿ ಚುಕ್ಕೆ. ಮೊಣಕಾಲು ಸೋತವು. ಈ ಸಲ ಮೊಬೈಲ್ ಮುಟ್ಟಲಿಲ್ಲ, ನೇರವಾಗಿ ವೈದ್ಯರ ಹತ್ತಿರ ಹೋದೆ. ಬಾಯಿಗೆ ಹಚ್ಚುವ ಔಷಧಿಯಲ್ಲೇ ಎರಡು ವಾರದಲ್ಲಿ ಹೋಯಿತು. ಆ ದಿನ ಇನ್‌ಹೇಲರನ್ನು ಬಚ್ಚಲುಮನೆಯ ಕನ್ನಡಿಯ ಕೆಳಗೆ, ಹಲ್ಲುಜ್ಜುವ ಬ್ರಷ್ಷಿನ ಪಕ್ಕಕ್ಕೆ ಬದಲಾಯಿಸಿದೆ. ಇಂದಿಗೂ ಅಲ್ಲೇ ಇದೆ. ಎಳೆದುಕೊಂಡ ತಕ್ಷಣ ನಲ್ಲಿ ಕೈಗೆ ಸಿಗುತ್ತದೆ. ಹಲ್ಲಿನ ಸೋಂಕಿಗೆ ಐದು ದಿನ ಆಂಟಿಬಯಾಟಿಕ್ ಬೇಕಾಗಿ ಬಂದಾಗಲೂ ಹೆದರಿ ಬಿಡಲಿಲ್ಲ. ಪೂರ್ತಿ ತೆಗೆದುಕೊಂಡು, ದಿನವೂ ಟಾರ್ಚ್ ಹಿಡಿದು ಬಾಯಿ ನೋಡಿಕೊಂಡೆ. ಏನೂ ಆಗಲಿಲ್ಲ.

ಇವೆಲ್ಲ ಮನೆಯೊಳಗಿನ ಮಾತು. ಹೊರಗೆ ಕಾಲಿಟ್ಟರೆ ಬೇರೆ ಕಷ್ಟ. ಕಾಯಿಲೆಯಾಗಿದ್ದಾಗ ಯಾರೂ ಒತ್ತಾಯ ಮಾಡುವುದಿಲ್ಲ, ನಿಮ್ಮ ಮುಖವೇ ಹೇಳುತ್ತಿರುತ್ತದೆ. ಕೆನ್ನೆಗೆ ಬಣ್ಣ ಬಂದ ಮೇಲೆ "ವಾಸಿಯಾಯಿತಲ್ಲ, ಒಂದೇ ಒಂದು ತಿನ್ನು" ಎಂಬ ಮಾತು ಶುರುವಾಗುತ್ತದೆ. ಅದನ್ನು ಹೇಳುವವರು ಯಾರೂ ಕೆಡುಕು ಬಯಸುವವರಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು, ಎಪ್ಪತ್ತೆಂಟರ ವಯಸ್ಸಿನಲ್ಲಿ ಒಲೆಯ ಮುಂದೆ ನಿಂತು ಅತ್ತೆ ಬೇಯಿಸಿದ ಹೋಳಿಗೆ. ಅದನ್ನು ಬೇಡ ಎಂದರೆ ಹೋಳಿಗೆಯನ್ನಷ್ಟೇ ಬೇಡ ಎಂದಂತೆ ಅವರಿಗೆ ಕೇಳಿಸುವುದಿಲ್ಲ. ಮೊದಲ ವರ್ಷ ನಾನು ಖಡಾಖಂಡಿತವಾಗಿ ಬೇಡ ಎಂದೆ. ಅವರು ಏನೂ ಹೇಳದೆ ಒಳಗೆ ಹೋದರು, ಆ ದಿನ ಊಟ ಮಾಡಲಿಲ್ಲ. ಎರಡನೆಯ ವರ್ಷ ಹಬ್ಬಕ್ಕೆ ಒಂದು ವಾರ ಮೊದಲೇ ಅವರ ಪಕ್ಕದಲ್ಲಿ ಕುಳಿತು, ಎಂಡೋಸ್ಕೋಪಿಯ ಚಿತ್ರ ತೋರಿಸಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಆ ಚಿತ್ರ ನೋಡಿದರು. ಹಬ್ಬದ ದಿನ ನನ್ನ ಎಲೆಗೆ ಬಿದ್ದದ್ದು ಅಂಗೈಯಗಲದ ಒಂದು ಪುಟ್ಟ ಹೋಳಿಗೆ, ನನಗಾಗಿಯೇ ಬೇರೆ ತಟ್ಟಿದ್ದು, ಕಣಕ ತೆಳುವಾಗಿ, ಹೂರಣದಲ್ಲಿ ಬೇಳೆ ಹೆಚ್ಚಾಗಿ. ಅದಕ್ಕೆ ಮೊದಲು ಎರಡು ಸಲ ಹೆಸರುಬೇಳೆ ಕೋಸಂಬರಿ ಬಡಿಸಿದರು. ಆ ಹೋಳಿಗೆಯನ್ನು ನಾನು ತುಪ್ಪ ಹಾಕಿಸಿಕೊಂಡು, ನಿಧಾನವಾಗಿ, ಪೂರ್ತಿ ತಿಂದೆ. ಸಂಜೆ ನಾಲೆ ಏರಿಯ ಮೇಲೆ ಮುಕ್ಕಾಲು ಗಂಟೆ ನಡೆದೆವು, ಅತ್ತೆಯೂ ಸ್ವಲ್ಪ ದೂರ ಬಂದರು.

ಶಾಲೆಯಲ್ಲಿ ಮಕ್ಕಳು ಹುಟ್ಟುಹಬ್ಬಕ್ಕೆ ಚಾಕೊಲೇಟ್ ತಂದುಕೊಡುತ್ತಾರೆ. ಹೊಸ ಬಟ್ಟೆ ಹಾಕಿಕೊಂಡು ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಲ್ಲುವ ಮಗುವಿಗೆ ಏನು ಹೇಳುವುದು? ತೆಗೆದುಕೊಂಡು, ಹರಸಿ, ಮೇಜಿನ ಖಾನೆಯಲ್ಲಿಡುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಗಮನಿಸಿದ್ದಳು. ತನ್ನ ಹುಟ್ಟುಹಬ್ಬದ ದಿನ ಎಲ್ಲರಿಗೂ ಚಾಕೊಲೇಟ್ ಹಂಚಿ, ನನ್ನ ಕೈಗೆ ಮಾತ್ರ ಒಂದು ಸೀಬೆಕಾಯಿ ಇಟ್ಟಳು, ಹಿತ್ತಿಲಿನದು, ಇನ್ನೂ ಎಲೆ ಅಂಟಿಕೊಂಡಿತ್ತು. ಅದನ್ನು ಅವಳ ಎದುರಿಗೇ ಕಚ್ಚಿ ತಿಂದೆ. ಈಗ ಆ ತರಗತಿಯ ಮಕ್ಕಳೆಲ್ಲ ನನಗೆ ಸೀಬೆಕಾಯಿ, ನೆಲ್ಲಿಕಾಯಿ, ಒಂದು ಹಿಡಿ ಹುರಿದ ಕಡಲೆಕಾಯಿ ತರುತ್ತಾರೆ.

ಅಪ್ಪನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. 2022ರ ಯುಗಾದಿಗೆ ಊರಿಗೆ ಹೋದಾಗ, ಬೇವು ಬೆಲ್ಲದ ಬಟ್ಟಲು ಕೈಯಲ್ಲಿರುವಾಗಲೇ ಹೇಳಿಬಿಟ್ಟೆ. ಸಂಕ್ರಾಂತಿಯ ಬೆಲ್ಲವನ್ನು ಅಕ್ಕಪಕ್ಕದವರಿಗೆ ಹಂಚಿದ್ದನ್ನೂ ಹೇಳಿದೆ. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಕೇಳಿದರು: "ನಮ್ಮ ಕಬ್ಬಿನಿಂದಲೇ ಬಂತೇನಮ್ಮ?"

ಇಲ್ಲ ಎಂದೆ. ಕೋವಿಡ್, ಸ್ಟೆರಾಯ್ಡ್, ಅಮ್ಮನ ಕಡೆಯಿಂದ ಬಂದ ಮಧುಮೇಹ, ಎಲ್ಲವನ್ನೂ ವಿವರಿಸಿದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ವರ್ಷದ ಮುಂಗಾರಿನಲ್ಲಿ ಮೇಲಿನ ಹತ್ತು ಗುಂಟೆಯ ಕೂಳೆ ಕಬ್ಬನ್ನು ತೆಗೆಸಿ ರಾಗಿ ಬಿತ್ತಿದರು, ಬದುವಿಗೆ ಹುರುಳಿ, ಅವರೆ. ನನ್ನ ತಮ್ಮ ಫೋನ್ ಮಾಡಿ, "ಅಪ್ಪನಿಗೆ ಏನಾಗಿದೆ, ನೀರಾವರಿ ಜಮೀನಿನಲ್ಲಿ ರಾಗಿ ಹಾಕಿದ್ದಾರೆ" ಎಂದು ಬೇಸರಪಟ್ಟುಕೊಂಡ. 2023ರ ಸಂಕ್ರಾಂತಿಗೆ ಬಂದ ಚೀಲದಲ್ಲಿ ಇಪ್ಪತ್ತು ಕೆ.ಜಿ. ರಾಗಿ, ನಾಲ್ಕು ಸೇರು ಹುರುಳಿ, ಸೊಗಡವರೆ. ತಳದಲ್ಲಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಒಂದೇ ಒಂದು ಅಚ್ಚು ಬೆಲ್ಲ. ಹಾಳೆಯ ಮೇಲೆ ಅಪ್ಪನ ದಪ್ಪ ಅಕ್ಷರದಲ್ಲಿ "ಎಳ್ಳಿಗೆ" ಎಂದು ಬರೆದಿತ್ತು.

ಎಳ್ಳು ಬೆಲ್ಲಕ್ಕೆ ಬೆಲ್ಲ ಬೇಕೇ ಬೇಕು. ಅಡಕೊತ್ತಿನಲ್ಲಿ ಅದನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಬಿಳಿ ಎಳ್ಳಿನ ಜೊತೆ ಬೆರೆಸಿದೆ. ನನಗೆಂದು ಒಂದು ಬಟ್ಟಲಿನಲ್ಲಿ ಎಳ್ಳು, ಕೊಬ್ಬರಿ ಹೆಚ್ಚು ಹಾಕಿಕೊಂಡು, ಬೆಲ್ಲದ ಚೂರು ನಾಲ್ಕು ಎಣಿಸಿಟ್ಟುಕೊಂಡೆ. ಪ್ರತಿ ವರ್ಷ ಈಗ ಇದೇ ಲೆಕ್ಕ.

2024ರ ಸಂಕ್ರಾಂತಿಯ ಅಚ್ಚು ಸ್ವಲ್ಪ ಕಪ್ಪಗಿತ್ತು. ಅಪ್ಪ ಸಂಜೆ ಫೋನ್ ಮಾಡಿ ಎಂದಿನಂತೆ ಕೇಳಿದರು, "ಬೆಲ್ಲ ಹೇಗಿದೆ?"

"ಈ ಸಲ ಉಪ್ಪಿನ ರುಚಿ ಮುಂದೆ ಬಂದಿದೆ ಅಪ್ಪ. ಬೋರ್‌ವೆಲ್ ನೀರಿನ ಕಬ್ಬೇ?"

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಅಪ್ಪ ಎಷ್ಟೋ ದಿನಗಳ ನಂತರ ಜೋರಾಗಿ ನಕ್ಕರು. "ಹೌದಮ್ಮ, ಮಳೆ ಕೈಕೊಟ್ಟ ವರ್ಷ, ನಾಲೆಯಲ್ಲಿ ನೀರು ಸರಿಯಾಗಿ ಬರಲಿಲ್ಲವಲ್ಲ. ತಿಂದು ನೋಡಿದೆಯಾ ಹಾಗಾದರೆ?"

"ನಾಲ್ಕು ಚೂರು" ಎಂದೆ.